ಒಂದ್ಹನಿ ಮಾವನ ಎರಡು ಟ್ಯೂಬುಗಳು

ಗಡಿಯಾರ ಸಾಯುವುದು ಎಣ್ಣೆ ಸಾಲದೆ ಅಲ್ಲ, ಎಣ್ಣೆ ಜಾಸ್ತಿಯಾಗಿ. ಈ ಮಾತನ್ನು ಒಂದ್ಹನಿ ಮಾವ ನಲವತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದರು. ಕೇಳುವವರಿದ್ದರೂ ಹೇಳುತ್ತಿದ್ದರು, ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಚೀಲ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಆರಡಿ ಅಗಲದ ಅವರ ಅಂಗಡಿ. ಒಳಗೆ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ಗೋಡೆಯ ತುಂಬ ರಿಪೇರಿಗೆ ಬಂದ ಇಪ್ಪತ್ತೆರಡು ಗಡಿಯಾರಗಳು, ಇಪ್ಪತ್ತೆರಡು ಹೊತ್ತು ತೋರಿಸುತ್ತ ತೂಗುತ್ತಿದ್ದವು. ಸರಿಯಾದ ಸಮಯ ಬೇಕಾದವರು ಪಕ್ಕದ ಅಂಗಡಿಯಲ್ಲಿ ಕೇಳುತ್ತಿದ್ದರು.

ಹದಿನೇಳನೆಯ ವಯಸ್ಸಿನಲ್ಲಿ ಕೆಲಸ ಕಲಿಯಲು ಸೇರಿದಾಗ ಒಂದು ಕೈಗಡಿಯಾರದ ಚಕ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟಿದ್ದರಂತೆ. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ ಎನ್ನುವುದು ಆಗಿನ ಲೆಕ್ಕಾಚಾರ. ಕಲಿಸುವ ಗುರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಅದೇ ಗಡಿಯಾರವನ್ನು ಒಂಬತ್ತು ಸಲ ಬಿಚ್ಚಿಸಿ, ಒಂಬತ್ತು ಸಲ ತೊಳೆಸಿ, ಒಂಬತ್ತು ಸಲ ಜೋಡಿಸುವಂತೆ ಮಾಡಿದರು. ಆಮೇಲೆ "ಎಷ್ಟು ಹನಿ?" ಎಂದು ಕೇಳಿದರು. "ಒಂದೇ ಹನಿ" ಎಂದವರು ಅಂದಿನಿಂದ ಬದುಕಿನಲ್ಲಿ ಯಾವುದಕ್ಕೂ ಎರಡನೆಯ ಹನಿ ಬಿಟ್ಟವರಲ್ಲ. ತಲೆಗೆ ಎಣ್ಣೆ ಒಂದೇ ಹನಿ. ಟೀಗೆ ಹಾಲು ಒಂದೇ ಹನಿ. ಹೆಂಡತಿ ತೀರಿಕೊಂಡಾಗ ಅತ್ತದ್ದೂ ಒಂದೇ ಹನಿ ಎಂದು ಚೀಲದಂಗಡಿಯವಳು ಬೀದಿಗೆಲ್ಲ ಹೇಳಿದ್ದಳು. ಹೆಸರು ಅಂಟಿಕೊಂಡದ್ದು ಹಾಗೆ.

ಅವರ ಬಲಗಣ್ಣಿನ ಸುತ್ತ ಸದಾ ಒಂದು ಕೆಂಪು ಉಂಗುರ. ಸಣ್ಣ ಚಕ್ರಗಳನ್ನು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ರಬ್ಬರ್ ಅಂಚು ದಿನಕ್ಕೆ ಎಂಟು ಗಂಟೆ ಒತ್ತಿ ಒತ್ತಿ ಆದ ಉಂಗುರ. ಆರು ವರ್ಷದ ಹಿಂದೆ ಅದು ತುರಿಸಲು ಶುರುವಾದಾಗ ಮೂಲೆಯ ಮೆಡಿಕಲ್ ಶಾಪಿನವನ ಹತ್ತಿರ ಕೇಳಿದ್ದರು. ಅವನು ಹಿಂದೆ ಮುಂದೆ ನೋಡದೆ ಒಂದು ಟ್ಯೂಬು ಮುಂದಿಟ್ಟು, "ಇದು ಎಲ್ಲದಕ್ಕೂ ಆಗತ್ತೆ ಮಾವ" ಎಂದಿದ್ದ. ಎಲ್ಲದಕ್ಕೂ ಆಗುವುದು ಕಣ್ಣಿಗೂ ಆಗಲೇಬೇಕಲ್ಲ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ಎರಡೇ ದಿನಕ್ಕೆ ಮೆಣಸಿನಪುಡಿ ಎರಚಿದಂತೆ ಉರಿ. ಮತ್ತೆ ಹಚ್ಚಿದರೆ ಮತ್ತೆ ಮಾಯ. ಇಂಥ ನಿಯತ್ತಿನ ಔಷಧಿಯನ್ನು ಅವರು ಕಂಡಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಬಾಗಿಲು ಎಳೆಯುವ ಮುಂಚೆ ಒಮ್ಮೆ, ಕಣ್ಣಿನ ಸುತ್ತ, ರೆಪ್ಪೆಯ ಮೇಲೆ, ಇರಲಿ ಎಂದು ಕೆನ್ನೆಯ ಮೇಲೂ ಸವರಿಕೊಳ್ಳುತ್ತಿದ್ದರು. ಬದುಕಿನಲ್ಲಿ ಅವರು ಧಾರಾಳವಾಗಿದ್ದ ಏಕೈಕ ವಿಷಯ ಅದು. ಯಾರೂ ಅದನ್ನು ಗಮನಿಸಿರಲಿಲ್ಲ, ಅವರೂ ಸೇರಿ.

ಇನ್ನು ಟಿಕ್ಕಿ. ಮೊಮ್ಮಗಳು, ಮೂರು ವರ್ಷ. ಗಡಿಯಾರದ ಸದ್ದು ಕೇಳಿದರೆ ಅಳು ನಿಲ್ಲಿಸುತ್ತಿದ್ದ ಕೂಸಿಗೆ ತಾತನೇ ಇಟ್ಟ ಹೆಸರು. ಮಗ ಲಿಫ್ಟ್ ರಿಪೇರಿಯವನು, ವಾರದ ಆರು ದಿನ ಯಾವುದೋ ಕಟ್ಟಡದ ಯಾವುದೋ ಅಂತಸ್ತಿನ ನಡುವೆ ಸಿಕ್ಕಿಕೊಂಡಿರುತ್ತಿದ್ದ. ಸೊಸೆಗೆ ನೀರು ಸರಬರಾಜು ಕಚೇರಿಯಲ್ಲಿ ಫೋನಿನ ದೂರು ಬರೆದುಕೊಳ್ಳುವ ಕೆಲಸ. ದಿನವಿಡೀ ಅಲ್ಲಿ ಸೋರುತ್ತಿದೆ, ಇಲ್ಲಿ ಬರುತ್ತಿಲ್ಲ ಎನ್ನುವುದನ್ನೇ ಕೇಳಿ ಕೇಳಿ, ಮನೆಯಲ್ಲೂ ಎಲ್ಲೋ ಏನೋ ಸೋರುತ್ತಿದೆ ಎಂಬ ಗುಮಾನಿ ಅವಳನ್ನು ಬಿಡುತ್ತಿರಲಿಲ್ಲ. ಮಗು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ಹಾಗಾಗಿ ಒಂಬತ್ತರಿಂದ ಐದರವರೆಗೆ ಟಿಕ್ಕಿ ತಾತನ ಅಂಗಡಿಯಲ್ಲಿ, ಮರದ ಸ್ಟೂಲಿನ ಮೇಲೆ, ಮುರಿದ ಅಲಾರಂಗಳ ರಾಜ್ಯಕ್ಕೆ ರಾಣಿ. ಆ ಎಂಟು ಗಂಟೆಗಳೇ ಒಂದ್ಹನಿ ಮಾವನ ದಿನ. ಉಳಿದದ್ದು ಬರೀ ಹೊತ್ತು.

ಟಿಕ್ಕಿಗೆ ಮೊಣಕೈ ಮಡಿಕೆಯಲ್ಲೂ ಮಂಡಿಯ ಹಿಂದೆಯೂ ಇಸುಬು ಎದ್ದದ್ದು ಆ ವರ್ಷದ ಚಳಿ ಶುರುವಾದಾಗ. ಮೊದಲು ಒಣಗಿ ಬಿರುಕು, ಆಮೇಲೆ ಕೆಂಪು, ಆಮೇಲೆ ಕೆರೆತ. ಸ್ವಂತ ಮಗು ಪಕ್ಕದಲ್ಲಿ ಮಲಗಿ ಕರಕರ ಕೆರೆದುಕೊಳ್ಳುವ ಸದ್ದು ಎಂಥದೆಂದು ಕೇಳಿದವರಿಗೇ ಗೊತ್ತು. ಸೊಸೆ ಮಗುವಿನ ಕೈಗೆ ಕಾಲುಚೀಲ ಹಾಕಿದಳು, ಉಗುರು ಎರಡು ದಿನಕ್ಕೊಮ್ಮೆ ಕತ್ತರಿಸಿದಳು, ಕೊನೆಗೆ ರಜೆ ಹಾಕಿ ಚರ್ಮದ ಡಾಕ್ಟರ ಹತ್ತಿರ ಓಡಿದಳು. ವಾಪಸು ಬಂದಾಗ ಕೈಯಲ್ಲಿ ಒಂದು ಸಣ್ಣ ಟ್ಯೂಬು, ಒಂದು ದೊಡ್ಡ ಡಬ್ಬಿ ಬಿಳಿ ಕ್ರೀಮು. ಮುಖ ಮಾತ್ರ ಬಾಂಬು ಹಿಡಿದವಳ ಹಾಗಿತ್ತು.

"ಮಾವ, ಇದರಲ್ಲಿ ಸ್ಟೀರಾಯ್ಡ್ ಇದೆ."

"ಅದು ಪೈಲ್ವಾನರು ಚುಚ್ಚಿಸ್ಕೊಳ್ಳೋದಲ್ವೇನಮ್ಮಾ?"

"ಇದು ಆ ಥರದ್ದಲ್ವಂತೆ. ಡಾಕ್ಟ್ರು ನಕ್ಕುಬಿಟ್ರು. ಆದ್ರೂ ಈ ಚೀಟಿ ನೋಡಿ, ಟ್ಯೂಬಿನ ಕಂಪನಿಯವರೇ ಅಚ್ಚು ಹಾಕಿದಾರೆ. ಚರ್ಮ ತೆಳ್ಳಗಾಗಬಹುದು. ರಕ್ತನಾಳ ಕಾಣಬಹುದು. ಕೂದಲು ಬೆಳೀಬಹುದು. ಮಾವ, ಕೂದಲು!"

"ಎಷ್ಟು ಹಚ್ಚು ಅಂದ್ರು?"

"ದಿನಕ್ಕೆರಡು ಸಲ, ತೆಳುವಾಗಿ ಅಂದ್ರು. ವಾಸಿ ಆಗೋವರೆಗೂ, ಎರಡು ವಾರ."

"ತೆಳುವಾಗಿ ಅಂದ್ರೆ ಎಷ್ಟು?"

"ಅದೇನೋ ಬೆರಳು ತೋರಿಸಿ ಹೇಳಿದ್ರು ಮಾವ. ಅಷ್ಟೊತ್ತಿಗೆ ಇವಳು ಅವರ ಮೇಜಿನ ಗಂಟೆ ಹೊಡೆಯೋಕೆ ಶುರು ಮಾಡಿದ್ಲು. ತೆಳುವಾಗಿ ಅಂದ್ರೆ ತೆಳುವಾಗಿ. ಬಿಳಿ ಕ್ರೀಮು ಮಾತ್ರ ಎಷ್ಟು ಬೇಕಾದ್ರೂ ಹಚ್ಚಿ ಅಂದ್ರು."

ಎಷ್ಟು ಬೇಕಾದರೂ ಎನ್ನುವ ಮಾತಿನ ಮೇಲೆ ಒಂದ್ಹನಿ ಮಾವನಿಗೆ ಹುಟ್ಟಾ ಅಪನಂಬಿಕೆ. ಬಿಳಿ ಕ್ರೀಮು ಕಂಪನಿಯವರ ವ್ಯಾಪಾರವೆಂದು ಅವರು ತೀರ್ಮಾನಿಸಿದರು. ತೆಳುವಾಗಿ ಎನ್ನುವುದು ಮಾತ್ರ ತಮ್ಮ ಗುರುವಿನ ಬಾಯಿಂದಲೇ ಬಂದಂತೆ ಕೇಳಿಸಿತು. ಬೆಳಗಿನ ಸರದಿ ಸೊಸೆಯದು, ಸಂಜೆ ನಾಲ್ಕರ ಸರದಿ ತಾತನದು ಎಂದು ಒಪ್ಪಂದವಾಯಿತು.

ನಾಲ್ಕಕ್ಕೆ ಅವರು ಕೆಲಸದ ಮೇಜನ್ನು ಒರೆಸಿದರು. ಡ್ರಾಯರಿನಿಂದ ಎಣ್ಣೆ ಬಿಡುವ ಸೂಜಿಯೊಂದನ್ನು ತೆಗೆದರು. ಹೊಸದು, ಮೊಂಡು ತುದಿಯದು, ಬಿಸಿನೀರಿನಲ್ಲಿ ಕುದಿಸಿದ್ದು. ಎಚ್ಚರಿಕೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಟ್ಯೂಬಿನ ಬಾಯಿಗೆ ಸೂಜಿಯ ತುದಿ ಮುಟ್ಟಿಸಿ, ಅಂಟಿದ ಎಳ್ಳುಕಾಳಿನ ಕಾಲುಭಾಗದಷ್ಟು ಮುಲಾಮನ್ನು ಟಿಕ್ಕಿಯ ಮೊಣಕೈ ಮಡಿಕೆಯಲ್ಲಿ ಒಂದು ಚುಕ್ಕಿಯಾಗಿ ಇಟ್ಟರು. ಪಕ್ಕದಲ್ಲಿ ಇನ್ನೊಂದು. ಗಡಿಯಾರದ ಮುಖದ ಮೇಲೆ ಗಂಟೆಗೊಂದರಂತೆ ಇರುವ ಹಾಗೆ ಸುತ್ತ ಹನ್ನೆರಡು ಚುಕ್ಕಿ. ಕೈ ಒಂದಿಷ್ಟೂ ನಡುಗಲಿಲ್ಲ.

"ತಾತ, ಈಗ ಎಷ್ಟು ಗಂಟೆ?" ಟಿಕ್ಕಿ ಮೊಣಕೈ ನೋಡಿಕೊಂಡು ಕೇಳಿದಳು.

"ನೀನು ಹೇಳಿದಷ್ಟು ಮಗಳೇ."

ಚೀಲದಂಗಡಿಯವಳು ಜಿಪ್ಪಿಗೆ ಮೇಣ ತಿಕ್ಕುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಅಣ್ಣಾ, ಮಗೂಗೆ ಔಷಧಿ ಹಚ್ತಿದೀರೋ, ಮಗೂನ ರಿಪೇರಿ ಮಾಡ್ತಿದೀರೋ?"

"ಇದು ಸ್ಟೀರಾಯ್ಡು. ನಿನ್ನ ಮೇಣ ಅಲ್ಲ, ಬಳ್ಕೊಂಡು ಹೋಗೋಕೆ."

"ಕೈಯಗಲ ಉರೀತಿರೋ ಕಡೆ ಸೂಜಿ ತುದೀಲಿ ಇಡ್ತೀರಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

"ನಿಂಗೇನು ಗೊತ್ತು? ಗಡಿಯಾರ ಸಾಯೋದು..."

"ಗೊತ್ತು ಬಿಡಿ, ಎಣ್ಣೆ ಜಾಸ್ತಿ ಆಗಿ. ನಾನು ಧಾರಾಳವಾಗಿ ಮೇಣ ಹಾಕ್ತೀನಿ, ನನ್ನ ಜಿಪ್ಪು ಓಡತ್ತೆ. ನಿಮ್ಮ ಗೋಡೆ ಮೇಲಿನವು ಓಡ್ತಾವಾ?"

ಅಂಥ ಮಾತಿಗೆ ಉತ್ತರ ಕೊಡುವುದೂ ಎರಡನೆಯ ಹನಿಯೇ ಎಂದು ಅವರು ಸುಮ್ಮನಾದರು. ಟಿಕ್ಕಿಯ ಟ್ಯೂಬಿಗೆ ಮುಚ್ಚಳ ಬಿಗಿದು, ಬಲಗಿಸೆಗೆ ಇಟ್ಟು, ಎಡಗಿಸೆಯಿಂದ ತಮ್ಮ ಟ್ಯೂಬು ತೆಗೆದು ಬೆರಳ ತುಂಬ ಹಿಂಡಿ ಕಣ್ಣ ಸುತ್ತ ಬಳಿದುಕೊಂಡರು.

ಮನೆಯಲ್ಲಿ ಬೆಳಗಿನ ಕತೆ ಇದಕ್ಕಿಂತ ಭಿನ್ನವೇನಲ್ಲ. ಸೊಸೆ ಬಟಾಣಿಯ ಅರ್ಧದಷ್ಟು ಹಿಂಡುತ್ತಿದ್ದಳು. ಅದರಲ್ಲಿ ಅರ್ಧವನ್ನು ಟ್ಯೂಬಿನ ಬಾಯಿಗೇ ಒರೆಸಿ, ಉಳಿದದ್ದನ್ನು ನಾಲ್ಕು ಕಡೆಗೆ ಹಂಚಿ, ಆಮೇಲೆ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಹೆಚ್ಚಾಯಿತೇನೋ ಎಂದು ಕೊರಗುತ್ತಿದ್ದಳು. ಇಬ್ಬರೂ ಇನ್ನೊಬ್ಬರು ಹೆಚ್ಚು ಹಚ್ಚುತ್ತಿರಬಹುದೆಂದು ಹೆದರಿ ತಮ್ಮ ಪಾಲನ್ನು ದಿನದಿಂದ ದಿನಕ್ಕೆ ಇಳಿಸುತ್ತ ಹೋದರು. ಯಾವ ಟ್ಯೂಬಿಗೂ ಇಂಥ ಆರೈಕೆ ಸಿಕ್ಕಿರಲಿಲ್ಲ.

ಈ ನಡುವೆ ಶಿಶುವಿಹಾರದ ಸಂಗತಿ ಬಂತು. ಹೊಸ ವರ್ಗ ಮುಂದಿನ ತಿಂಗಳು ಶುರು, ಒಂಬತ್ತರಿಂದ ಹನ್ನೆರಡು. ಟಿಕ್ಕಿ ಓರಗೆಯ ಮಕ್ಕಳ ಜೊತೆ ಬೆಳೆಯಬೇಕು, ಮುರಿದ ಅಲಾರಂಗಳ ಜೊತೆ ಅಲ್ಲ ಎನ್ನುವುದು ಸೊಸೆಯ ಆಸೆ. ಅದರಲ್ಲಿ ತಪ್ಪೇನಿಲ್ಲ. ಅವಳು ಮಗುವನ್ನು ಕರೆದುಕೊಂಡು ಹೋಗಿ ತೋರಿಸಿದಾಗ ಶಿಶುವಿಹಾರದ ದೊಡ್ಡ ಟೀಚರು ಟಿಕ್ಕಿಯ ಮೊಣಕೈಯನ್ನು ಕನ್ನಡಕ ಏರಿಸಿ ನೋಡಿದರು.

"ಇದು ಹರಡತ್ತಾ?"

"ಇಲ್ಲ ಮೇಡಂ, ಅಂಟೋ ಕಾಯಿಲೆ ಅಲ್ವಂತೆ. ಡಾಕ್ಟ್ರ ಚೀಟಿ ತಂದ್ಕೊಡ್ತೀನಿ."

"ಚೀಟಿ ತನ್ನಿ, ನಾನು ಒಪ್ತೀನಿ. ಆದ್ರೆ ಬಾಕಿ ತಾಯಂದಿರು ಚೀಟಿ ಓದಲ್ಲಮ್ಮ, ಕೈ ನೋಡ್ತಾರೆ. ವಾಸಿ ಮಾಡ್ಕೊಂಡು ಬನ್ನಿ, ಜಾಗ ಇಟ್ಟಿರ್ತೀನಿ."

ಸೊಸೆ ಅಳುಮೋರೆಯಲ್ಲಿ ಇದನ್ನು ಹೇಳಿದಾಗ ಒಂದ್ಹನಿ ಮಾವ "ಅಯ್ಯೋ, ಪಾಪ" ಎಂದರು. ಮನಸ್ಸಿನಿಂದಲೇ ಅಂದರು. ಆದರೆ ಅದೇ ಹೊತ್ತಿಗೆ ಒಳಗೆಲ್ಲೋ ಒಂದು ಸಣ್ಣ ಚಕ್ರ ಬಹಳ ಹಗುರಾಗಿ, ಎಣ್ಣೆಯೇ ಇಲ್ಲದೆ, ಒಂದು ಸುತ್ತು ತಿರುಗಿತು. ವಾಸಿಯಾಗದಿದ್ದರೆ ಟಿಕ್ಕಿ ಸ್ಟೂಲಿನ ಮೇಲೇ ಇರುತ್ತಾಳೆ. ಆ ಸದ್ದು ಅವರಿಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಚಿಮಟ ಒರೆಸಿದರು.

ಎರಡು ವಾರ ಕಳೆಯಿತು, ಮೂರೂ ಆಯಿತು. ಕೆಂಪು ಇಳಿಯಲಿಲ್ಲ. ಮಂಡಿಯ ಹಿಂದೆ ಕೆರೆದಲ್ಲಿ ನೀರು ಒಸರಿತು. ಮೊಣಕೈಯ ಚರ್ಮ ಹಳೆಯ ಚೀಲದ ಹಿಡಿಯಂತೆ ದಪ್ಪಗಾಯಿತು. ಟಿಕ್ಕಿ ಈಗ ಅಲಾರಂಗಳನ್ನು ಬಿಟ್ಟು, ಸ್ಟೂಲಿನ ಅಂಚಿಗೆ ಮಂಡಿಯ ಹಿಂಭಾಗ ಉಜ್ಜುತ್ತ ಕೂತಿರುತ್ತಿದ್ದಳು. ಒಮ್ಮೆ ಸಂಜೆ ಸೂಜಿ ತರುವಾಗ, "ತಾತ, ಗಡಿಯಾರ ಬೇಡ, ಉರಿ ತೆಗಿ" ಎಂದಳು. ಒಂದ್ಹನಿ ಮಾವನ ಕೈ ಅವತ್ತು ಮೊದಲ ಸಲ ಏಳನೆಯ ಚುಕ್ಕಿಯನ್ನು ಎಂಟರ ಜಾಗದಲ್ಲಿಟ್ಟಿತು.

"ನೀವು ಜಾಸ್ತಿ ಹಚ್ತಿದೀರಾ ಮಾವ? ಚೀಟೀಲಿ ಹಾಕಿದ್ರಲ್ಲ, ಚರ್ಮ ಕೆಡತ್ತೆ ಅಂತ," ಎಂದಳು ಸೊಸೆ ಆ ಸಂಜೆ.

"ನಾನಾ? ನನ್ನ ಕೈ ನಿಂಗೊತ್ತಿಲ್ವಾ? ನೀನೇ ಬೆಳಿಗ್ಗೆ ಅವಸರದಲ್ಲಿ ಬಳೀತಿರ್ಬೇಕು."

"ನಾನಾ!"

ಹೀಗೆ ಕಡಿಮೆ ಹಚ್ಚುವುದರಲ್ಲಿ ಒಬ್ಬರನ್ನೊಬ್ಬರು ಮೀರಿಸಿದ ಇಬ್ಬರು, ಹೆಚ್ಚು ಹಚ್ಚಿದ ಅಪವಾದವನ್ನು ಒಬ್ಬರ ಮೇಲೊಬ್ಬರು ಹೊರಿಸಿಕೊಂಡು, ಮಾರನೆಯ ದಿನ ಟಿಕ್ಕಿಯನ್ನು ನಡುವೆ ಕೂರಿಸಿಕೊಂಡು ಚರ್ಮದ ಡಾಕ್ಟರ ಎದುರು ಕುಳಿತರು.

ಡಾಕ್ಟರಮ್ಮ ಸಣ್ಣ ಆಳು, ದೊಡ್ಡ ದನಿ. ಟಿಕ್ಕಿಯ ಕೈಕಾಲು ತಿರುಗಿಸಿ ನೋಡಿ, "ಟ್ಯೂಬು ತಂದಿದೀರಾ?" ಎಂದರು. ಒಂದ್ಹನಿ ಮಾವ ಬಲಗಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಅದು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುಂಡಗೆ ಕೂತಿತು.

"ಇದು ಎರಡನೇ ಟ್ಯೂಬಾ?"

"ಇಲ್ಲ ಡಾಕ್ಟ್ರೇ," ಎಂದಳು ಸೊಸೆ, "ಮೊದಲನೇದೇ."

"ಮೂರು ವಾರಕ್ಕೆ? ಹದಿನೈದು ಗ್ರಾಂ ಟ್ಯೂಬಮ್ಮ ಇದು. ನಾನು ಹೇಳಿದ ಹಾಗೆ ಹಚ್ಚಿದ್ರೆ ಎರಡು ವಾರಕ್ಕೆ ಹೆಚ್ಚೂಕಮ್ಮಿ ಖಾಲಿ ಆಗ್ಬೇಕಿತ್ತು. ಯಾರು ಹಚ್ಚೋದು?"

ಒಂದ್ಹನಿ ಮಾವನ ಎದೆ ಉಬ್ಬಿತು. ಪರೀಕ್ಷೆಯಲ್ಲಿ ತಮಗೆ ಬರುವ ಪ್ರಶ್ನೆಯೇ ಬಂದ ಹುಡುಗನ ಹಾಗೆ, ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಸೂಜಿ ತೆಗೆದು, ಡಾಕ್ಟರ ಮೇಜಿನ ಮೇಲೇ ಹನ್ನೆರಡು ಚುಕ್ಕಿ ಇಟ್ಟು ತೋರಿಸಿದರು.

ಡಾಕ್ಟರಮ್ಮ ನಗಲಿಲ್ಲ. ಅದು ನಕ್ಕದ್ದಕ್ಕಿಂತ ಕೆಟ್ಟದಾಗಿತ್ತು.

"ಯಜಮಾನರೇ, ಮನೆಗೆ ಬೆಂಕಿ ಬಿದ್ದಾಗ ಉದ್ಧರಣೆಯಲ್ಲಿ ನೀರು ಹಾಕ್ತಾರಾ? ಕಡಿಮೆ ಹಚ್ಚಿದ್ರೆ ಉರಿ ಆರಲ್ಲ. ಉರಿ ಆರದಿದ್ರೆ ಮಗು ಕೆರೆಯತ್ತೆ. ಕೆರೆದ್ರೆ ಚರ್ಮ ದಪ್ಪ ಆಗತ್ತೆ, ಕೀವಾಗತ್ತೆ. ಆಮೇಲೆ ಇದಕ್ಕಿಂತ ಜೋರಿನ ಔಷಧಿ, ಇನ್ನೂ ಹೆಚ್ಚು ದಿನ. ಹೆದರಿಕೊಂಡು ಉಳಿಸಿದ್ದನ್ನೆಲ್ಲ ಬಡ್ಡಿ ಸಮೇತ ಹಚ್ಚಬೇಕಾಗತ್ತೆ."

"ಆದ್ರೆ ಚೀಟೀಲಿ..." ಎಂದಳು ಸೊಸೆ.

"ಚೀಟೀಲಿರೋದು ನಿಜ. ಜೋರಿನ ಔಷಧೀನ ತಿಂಗಳಾನುಗಟ್ಟಲೆ, ತೆಳು ಚರ್ಮದ ಮೇಲೆ, ಯಾರನ್ನೂ ಕೇಳದೆ ಹಚ್ಚಿದ್ರೆ ಅದೆಲ್ಲ ಆಗತ್ತೆ. ಇದು ಮೆದು ಔಷಧಿ. ಎರಡು ವಾರಕ್ಕೆ ಏನೂ ಆಗಲ್ಲ. ಎಲ್ಲಿ, ಕೈ ಕೊಡಿ."

ಅವರು ಒಂದ್ಹನಿ ಮಾವನ ತೋರುಬೆರಳು ಹಿಡಿದು, ತುದಿಯಿಂದ ಮೊದಲನೆಯ ಗೆಣ್ಣಿನ ಗೆರೆಯವರೆಗೆ ಒಂದು ಉದ್ದ ಪಟ್ಟಿ ಮುಲಾಮು ಹಿಂಡಿದರು. ಮೂರು ವಾರದಲ್ಲಿ ಆ ಟ್ಯೂಬಿನಿಂದ ಬಂದಿದ್ದಕ್ಕಿಂತ ಹೆಚ್ಚು ಅದೊಂದೇ ಸಲಕ್ಕೆ ಬಂದಂತೆ ಮಾವನಿಗೆ ಕಂಡಿತು. ಅವರು ಕಣ್ಣು ಮುಚ್ಚಿಕೊಂಡರು.

"ಇಷ್ಟು. ದೊಡ್ಡವರ ಎರಡು ಅಂಗೈ ಅಗಲಕ್ಕೆ, ಬೆರಳೂ ಸೇರಿ, ಇಷ್ಟು ಬೇಕು. ಇವಳ ಎರಡು ಮೊಣಕೈ, ಎರಡು ಮಂಡಿ ಕೂಡಿಸಿದ್ರೆ ಅಷ್ಟೇ ಜಾಗ. ಸವರಿದ ಮೇಲೆ ಚರ್ಮ ಸ್ವಲ್ಪ ಹೊಳೀಬೇಕು. ಕೆಂಪು ಹೋಗಿ, ಮುಟ್ಟಿದ್ರೆ ನುಣ್ಣಗಾಯ್ತಾ, ನಿಲ್ಲಿಸಿ. ಬಿಳಿ ಕ್ರೀಮು ಮಾತ್ರ ನಿಲ್ಲಿಸಬೇಡಿ. ಮತ್ತೆ ಎದ್ರೆ ಮೊದಲ ದಿನವೇ ಮತ್ತೆ ಶುರು. ಮುಖಕ್ಕೆ ಮಾತ್ರ ನನ್ನನ್ನು ಕೇಳದೆ ಹಚ್ಚಬೇಡಿ." ಅಷ್ಟು ಹೇಳಿ ತಲೆಯೆತ್ತಿದವರು, ಕಣ್ಣು ಮುಚ್ಚಿ ಕೂತ ಯಜಮಾನರ ಮುಖವನ್ನೇ ನೋಡತೊಡಗಿದರು. "ಯಜಮಾನರೇ, ಸ್ವಲ್ಪ ದೀಪದ ಕಡೆ ತಿರುಗಿ. ಕಣ್ಣಿನ ಸುತ್ತ ಏನಿದು?"

"ಅದಾ? ಭೂತಗನ್ನಡಿ ಉಂಗುರ. ಆರು ವರ್ಷದ್ದು."

"ಇಷ್ಟು ತೆಳ್ಳಗೆ? ನರ ಎಲ್ಲ ಎದ್ದು ಕಾಣ್ತಿದೆ. ಏನು ಹಚ್ತೀರಿ?"

"ಅದು ಏನೂ ಅಲ್ಲ, ಮಾಮೂಲಿ ಟ್ಯೂಬು. ಸ್ಟೀರಾಯ್ಡ್ ಗೀರಾಯ್ಡ್ ಏನಿಲ್ಲ. ಮೆಡಿಕಲ್ ಶಾಪಿಂದು." ಎಡಗಿಸೆಯಿಂದ ಅವರು ತಮ್ಮ ಟ್ಯೂಬು ತೆಗೆದಿಟ್ಟರು. ಬಾಲದಿಂದ ಸುರುಳಿ ಸುತ್ತಿ, ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬು, ದುಂಡನೆಯ ಟಿಕ್ಕಿಯ ಟ್ಯೂಬಿನ ಪಕ್ಕದಲ್ಲಿ ಬಿತ್ತು.

ಡಾಕ್ಟರಮ್ಮ ಅದನ್ನು ಬಿಡಿಸಿ, ಒಂದು ಸಾಲು ಓದಿ, ವಾಪಸು ಕೊಟ್ಟರು. "ನೀವೇ ಓದಿ. ಅಕ್ಷರ ಸಣ್ಣದು."

ಅಕ್ಷರ ಸಣ್ಣದು ಎಂದು ಯಾರೂ ಅವರಿಗೆ ಹೇಳಿದ್ದಿಲ್ಲ. ಕೂದಲೆಳೆಯಷ್ಟು ಅಗಲದ ಚಕ್ರದ ಮೇಲೆ ಕೆತ್ತಿದ ಅಂಕಿಯನ್ನು ಓದುವ ಮನುಷ್ಯ. ಭೂತಗನ್ನಡಿ ತೆಗೆದು ಆ ಕೆಂಪು ಉಂಗುರದೊಳಕ್ಕೇ ಕೂರಿಸಿಕೊಂಡು, ಆರು ವರ್ಷದಲ್ಲಿ ಮೊದಲ ಸಲ, ತಮ್ಮ ಟ್ಯೂಬಿನ ಮೈಮೇಲಿದ್ದುದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಮೊದಲನೆಯದೊಂದು ಉದ್ದನೆಯ ಹೆಸರು.

"ಅದು ಇವಳ ಟ್ಯೂಬಿನಲ್ಲಿರೋದರ ದೊಡ್ಡಣ್ಣ," ಎಂದರು ಡಾಕ್ಟರಮ್ಮ. "ಸ್ಟೀರಾಯ್ಡೇ. ಎಷ್ಟೋ ಪಟ್ಟು ಜೋರು. ಕಣ್ಣಿನ ಹತ್ತಿರಕ್ಕೆ ಬರಲೇಬಾರದ್ದು. ನಾಳೆಯೇ ಕಣ್ಣಿನ ಡಾಕ್ಟ್ರ ಹತ್ತಿರ ಹೋಗಿ, ಕಣ್ಣಿನ ಒತ್ತಡ ನೋಡಿಸಿ. ಈ ಟ್ಯೂಬು ಇವತ್ತಿಗೆ ಕೊನೆ. ಬಿಟ್ಟಾಗ ಜೋರಾಗಿ ಕೆರಳತ್ತೆ, ವಾರಗಟ್ಟಲೆ. ಅದಕ್ಕೆ ಬೇರೆ ಮುಲಾಮು ಬರ್ಕೊಡ್ತೀನಿ. ಹೆದರಿ ಮತ್ತೆ ಇದನ್ನೇ ಹಚ್ಚಿದ್ರೆ ಮತ್ತೆ ಮೊದಲಿಂದ."

ಟಿಕ್ಕಿ ಎರಡು ಟ್ಯೂಬುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. "ತಾತಂದು ಹಸಿದಿದೆ," ಎಂದಳು.

ಬಸ್ಸಿಗೆ ಕಾಯುವಾಗ ಸೊಸೆ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೊನೆಗೆ, "ಮಾವ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರದು."

"ಕೇಳಮ್ಮ."

"ಟಿಕ್ಕಿಗೆ ವಾಸಿ ಆದ್ರೆ ಶಿಶುವಿಹಾರಕ್ಕೆ ಹೋಗಿಬಿಡ್ತಾಳೆ ಅಂತ... ಬೇಕೂಂತ ಏನಾದ್ರೂ..."

ಒಂದ್ಹನಿ ಮಾವ "ಛೆ ಛೆ" ಎನ್ನಬೇಕೆಂದುಕೊಂಡರು. ಹಗುರಾಗಿ ತಿರುಗಿದ ಆ ಚಕ್ರ ನೆನಪಾಯಿತು. ಸೂಜಿ ಎತ್ತಿದ್ದು ಅದಕ್ಕೂ ಮುಂಚೆಯೇ, ಅದು ನಿಜ. ಆದರೆ ಆಮೇಲೆ? ಮೂರನೆಯ ವಾರ ಮಗು ಉರಿ ತೆಗಿ ಎಂದಾಗಲೂ ಸೂಜಿಯನ್ನೇ ಎತ್ತಿದ್ದು ಗುರುವಿನ ಮಾತಿಗಾಗಿಯೋ, ಆ ಸ್ಟೂಲಿಗಾಗಿಯೋ? ನಲವತ್ತೊಂದು ವರ್ಷದಲ್ಲಿ ಬಿಚ್ಚಿ ನೋಡಿ ಹೇಳಲಾಗದ ಯಂತ್ರ ಅವರ ಕೈಗೆ ಬಂದದ್ದು ಅದೊಂದೇ.

"ಗೊತ್ತಿಲ್ಲಮ್ಮ," ಎಂದರು.

ಸೊಸೆ ಅವರ ಮುಖ ನೋಡಿದಳು. ಆಮೇಲೆ ಚೀಲದ ಹಿಡಿ ತಿರುಚುತ್ತ, "ನಾನೂ ಅರ್ಧ ವಾಪಸ್ ಟ್ಯೂಬಿಗೇ ಒರೆಸ್ತಿದ್ದೆ ಮಾವ," ಎಂದಳು. ಬಸ್ಸು ಬಂತು. ಮೂವರೂ ಒಂದೇ ಸೀಟಿನಲ್ಲಿ ಕೂತರು.

ಮರುದಿನ ನಾಲ್ಕಕ್ಕೆ ಒಂದ್ಹನಿ ಮಾವ ಸೂಜಿಯನ್ನು ಡ್ರಾಯರಿಗೆ ಹಾಕಿ, ಕೈ ತೊಳೆದು, ತೋರುಬೆರಳು ಚಾಚಿದರು. ಟ್ಯೂಬು ಒತ್ತಿದರು. ಮುಲಾಮು ತುದಿ ದಾಟಿತು, ಉಗುರಿನ ಅರ್ಧ ದಾಟಿತು. ಇಲ್ಲಿಗೆ ಸಾಕು ಎಂದು ನಲವತ್ತೊಂದು ವರ್ಷ ಕಿವಿಯಲ್ಲಿ ಕೂಗಿತು. ಇದು ಗೆರೆ ಮುಟ್ಟಿದರೆ ಆಯಿತು, ಇನ್ನು ಹದಿನೈದು ದಿನಕ್ಕೆ ಸ್ಟೂಲು ಖಾಲಿ. ಅದು ಅವರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಹೆಬ್ಬೆರಳು ಒತ್ತುವುದನ್ನು ನಿಲ್ಲಿಸಿತು.

"ತಾತ, ಚುಕ್ಕಿ?"

"ಇವತ್ತಿಂದ ಚುಕ್ಕಿ ಇಲ್ಲ ಮಗಳೇ. ಗೆರೆ." ಅವರು ಗೆರೆಯವರೆಗೂ ಹಿಂಡಿದರು.

ಚೀಲದಂಗಡಿಯವಳು ಕತ್ತು ಚಾಚಿ ನೋಡಿದಳು. ಡಾಕ್ಟರ ಹತ್ತಿರ ನಡೆದ ಕತೆ ಅವಳಿಗೆ ಆಗಲೇ ಮುಟ್ಟಿತ್ತು. "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೇಲಿ ನೊಣ ಹುಡುಕಿದ್ರಂತೆ. ಅಂಥವ್ರು ಇದಾರೆ ಅಂತ ಕೇಳಿದ್ದೆ, ಗೋಡೆ ಆಚೆ ಇದಾರೆ ಅಂತ ಗೊತ್ತಿರಲಿಲ್ಲ."

"ನಿನ್ನ ಮೇಣ ತಿಕ್ಕೊಳ್ಳೇ," ಎಂದರು ಮಾವ. ದನಿಯಲ್ಲಿ ಜೋರಿರಲಿಲ್ಲ.

ನಾಲ್ಕನೆಯ ದಿನಕ್ಕೆ ಟಿಕ್ಕಿ ಕೆರೆಯುವುದನ್ನು ಮರೆತಳು. ಹತ್ತನೆಯ ದಿನ ಸೊಸೆ ಅವಳ ಮೊಣಕೈ ಸವರಿ, 'ನುಣ್ಣಗಿದೆ' ಎಂದು ತನಗೇ ಮೂರು ಸಲ ಹೇಳಿಕೊಂಡು, ನಾಲ್ಕನೆಯ ಸಲ ಗಂಡನಿಗೆ ಫೋನು ಮಾಡಿ ಹೇಳಿದಳು. ಟ್ಯೂಬು ನಿಂತಿತು, ಬಿಳಿ ಕ್ರೀಮು ಮುಂದುವರಿಯಿತು. ಒಂದ್ಹನಿ ಮಾವನದು ಇದಕ್ಕೆ ತದ್ವಿರುದ್ಧ. ಎಡಗಿಸೆ ಖಾಲಿಯಾದ ಮೂರನೆಯ ದಿನಕ್ಕೆ ಕಣ್ಣ ಸುತ್ತ ಕೆಂಡವಿಟ್ಟಂತಾಯಿತು. ರೆಪ್ಪೆ ಬಾತಿತು, ಕೆನ್ನೆ ಸಿಪ್ಪೆ ಎದ್ದಿತು. ಭೂತಗನ್ನಡಿ ಕಣ್ಣಿಗೆ ಮುಟ್ಟಿಸುವಂತಿಲ್ಲ. ಮೇಜಿಗೆ ಕಾಲಿರುವ ದೊಡ್ಡ ಭೂತಗನ್ನಡಿಯೊಂದನ್ನು ಕೂರಿಸಿಕೊಂಡು ಒಂದು ದಿನದ ಕೆಲಸವನ್ನು ಮೂರು ದಿನ ಮಾಡಿದರು. ಮೆಡಿಕಲ್ ಶಾಪಿನ ಮುಂದೆ ಹೋಗುವಾಗ ಕಾಲು ತಾನಾಗಿ ಆ ಕಡೆ ಎಳೆಯುತ್ತಿತ್ತು. ರಸ್ತೆಯ ಇನ್ನೊಂದು ಬದಿಯಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಒತ್ತಡ ಏರಿದೆ, ಬೇಗ ಬಂದಿರಿ, ಕಣ್ಣು ಉಳಿಯುತ್ತದೆ ಎಂದಿದ್ದರು. ಒಂದು ಸಣ್ಣ ಸೀಸೆ ಬರೆದುಕೊಟ್ಟಿದ್ದರು. ದಿನಾ ಸಂಜೆ ಕಣ್ಣಿಗೆ ಬಿಡಬೇಕು.

"ಎಷ್ಟು ಬಿಡಬೇಕು ಡಾಕ್ಟ್ರೇ?"

"ಒಂದೇ ಹನಿ. ಅದಕ್ಕಿಂತ ಜಾಸ್ತಿ ಬೇಡ."

ಒಂದ್ಹನಿ ಮಾವ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಿದ್ದರು. ಈಗ ದಿನಾ ಸಂಜೆ ಸೊಸೆಯೇ ಅದನ್ನು ಬಿಡುತ್ತಾಳೆ. ಎರಡನೆಯ ಹನಿ ಬಿದ್ದೀತೆಂದು ಅವಳು ಸೀಸೆಯನ್ನು ಎರಡು ಸಲ ಎತ್ತಿ ನೋಡುತ್ತಾಳೆ. ಮಾವ ಕಣ್ಣು ಬಿಟ್ಟುಕೊಂಡು ಕಾಯುತ್ತಾರೆ.

ಶಿಶುವಿಹಾರ ಶುರುವಾದ ದಿನ ಟಿಕ್ಕಿಯನ್ನು ಬಿಡಲು ಹೋದವರು ತಾತನೇ. ಸೊಸೆ ಎರಡು ಬಟ್ಟೆ, ನೀರಿನ ಬಾಟಲಿ, ಬಿಳಿ ಕ್ರೀಮಿನ ಸಣ್ಣ ಡಬ್ಬಿ, ಡಾಕ್ಟರ ಚೀಟಿ ಎಲ್ಲ ತುಂಬಿಕೊಟ್ಟಿದ್ದಳು. ಗೇಟಿನ ಬಳಿ ತಾಯಂದಿರ ಗುಂಪು. ದೊಡ್ಡ ಟೀಚರು ಟಿಕ್ಕಿಯ ತೋಳು ಎತ್ತಿ, ಮೊಣಕೈ ಮಡಿಕೆಯನ್ನು ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ತಿರುಗಿಸಿ, "ಎಷ್ಟು ಚೆನ್ನಾಗಿ ವಾಸಿಯಾಗಿದೆ!" ಎಂದರು. ಆಮೇಲೆ ತಲೆಯೆತ್ತಿ ತಾತನನ್ನು ನೋಡಿದರು. ಬಾತ ರೆಪ್ಪೆ, ಕೆಂಪಗೆ ಸಿಪ್ಪೆ ಎದ್ದ ಕೆನ್ನೆ. ಕನ್ನಡಕ ಏರಿಸಿದರು.

"ಯಜಮಾನರೇ, ಇದು ಹರಡತ್ತಾ?"

"ಇಲ್ಲ ತಾಯಿ, ಅಂಟೋದಲ್ಲ." ಚೀಲದಿಂದ ಚೀಟಿ ತೆಗೆದು ಚಾಚಿದರು. ಅದು ಟಿಕ್ಕಿಯ ಚೀಟಿ.

"ನಾನು ಒಪ್ತೀನಿ. ಆದ್ರೆ ಬಾಕಿ ತಾಯಂದಿರು..." ದೊಡ್ಡ ಟೀಚರು ದನಿ ತಗ್ಗಿಸಿದರು. "ನೀವು ಗೇಟಿನ ಆಚೆ ನಿಂತ್ಕೊಂಡ್ರೆ ಒಳ್ಳೇದು. ವಾಸಿ ಆದ್ಮೇಲೆ ಒಳಗೆ ಬನ್ನಿ."

ಒಂದ್ಹನಿ ಮಾವ ಗೇಟಿನ ಆಚೆಗೆ ಹೋಗಿ ನಿಂತರು. ಟಿಕ್ಕಿ ಒಳಗಿನಿಂದ ಒಮ್ಮೆ ತಿರುಗಿ ನೋಡಿ, ತೋರುಬೆರಳು ಎತ್ತಿ, ಮೊದಲನೆಯ ಗೆಣ್ಣಿನ ಗೆರೆಯನ್ನು ಇನ್ನೊಂದು ಕೈಯಿಂದ ಮುಟ್ಟಿ ತೋರಿಸಿದಳು. ತಾತನೂ ತೋರಿಸಿದರು. ಅವಳು ಓಡಿಹೋದಳು.

ಅಂಗಡಿಗೆ ಬಂದು ಬಾಗಿಲೆತ್ತಿದಾಗ ಸ್ಟೂಲು ಇದ್ದ ಕಡೆಯೇ ಇತ್ತು. ಅದರ ಮೇಲೆ ಒಂದು ಅಲಾರಂ, ಮುಳ್ಳಿಲ್ಲದ್ದು. ಕೆಲಸಕ್ಕೆ ಕೂತರು, ಎದ್ದರು, ಮತ್ತೆ ಕೂತರು. ಅವಳನ್ನು ಕರೆತರಲು ಹನ್ನೆರಡಕ್ಕೆ ಹೋಗಬೇಕು. ಪಕ್ಕದ ಅಂಗಡಿಯಲ್ಲಿ ಕೇಳಿದ್ದರೆ ಹತ್ತು ಗಂಟೆ ಎಂದು ಹೇಳುತ್ತಿದ್ದರು. ಒಂದ್ಹನಿ ಮಾವ ಕೇಳಲಿಲ್ಲ. ಗೋಡೆಯ ಮೇಲಿನ ಇಪ್ಪತ್ತೆರಡು ಗಡಿಯಾರಗಳನ್ನು ಒಂದು ಕಡೆಯಿಂದ ನೋಡುತ್ತ ಬಂದರು. ಹದಿನಾರನೆಯದರಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತು. ಅದನ್ನೇ ನಂಬಿ ಬಾಗಿಲು ಎಳೆದರು.